ಎಚ್ಚರಿಕೆ: ಹಳೆಯ ವೈರ್‌ಲೆಸ್ ಕಂಟ್ರೋಲರಿಗಾಗಿ ಡ್ರೈವರ್ ಹುಡುಕಿಕೊಂಡು ಹೋಗಬೇಡಿ

ಎರಡು ತಿಂಗಳ ಹಿಂದೆ, ಆಟವಾಡುವ ಯಂತ್ರವಾದ ಕನ್ಸೋಲಿನ ವೈರ್‌ಲೆಸ್ ಕಂಟ್ರೋಲರೊಂದನ್ನು ಕಂಪ್ಯೂಟರಿಗೆ ಜೋಡಿಸಲು ಹೋಗಿ ನಾನು ನನ್ನ ಆಟಗಳ ಖಾತೆಯನ್ನು ಹನ್ನೊಂದು ದಿನ ಕಳೆದುಕೊಂಡಿದ್ದೆ. ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕಾಯಿತು. ಕಂಟ್ರೋಲರಿನಲ್ಲಿ ಯಾವ ದೋಷವೂ ಇರಲಿಲ್ಲ, ಅದು ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ನಾನು ಎಲ್ಲಿ ಎಡವಿದೆ ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ, ಏಕೆಂದರೆ ಇದೇ ದಾರಿಯಲ್ಲಿ ಹೊರಟವರು ನಾನೊಬ್ಬನೇ ಇರಲಾರೆ.

ನನ್ನ ಬಳಿ ಇದ್ದದ್ದು ಎಕ್ಸ್‌ಬಾಕ್ಸ್ 360ರ ವೈರ್‌ಲೆಸ್ ಕಂಟ್ರೋಲರ್. ಕನ್ಸೋಲನ್ನು ಎಂದೋ ಮಾರಿದ್ದೆ, ಕೈಗೆ ಒಗ್ಗಿದ್ದ ಕಂಟ್ರೋಲರನ್ನು ಮಾತ್ರ ಉಳಿಸಿಕೊಂಡಿದ್ದೆ. ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಇದೆ, ಕಂಟ್ರೋಲರ್ ವೈರ್‌ಲೆಸ್ ಆಗಿದೆ, ಹಾಗಿದ್ದ ಮೇಲೆ ಎರಡೂ ಜೋಡಿಯಾಗಲೇಬೇಕು ಎಂಬುದು ನನ್ನ ಎಣಿಕೆಯಾಗಿತ್ತು. ಕಂಟ್ರೋಲರಿನ ಮೇಲಂಚಿನಲ್ಲಿರುವ ಪುಟ್ಟ ಗುಂಡಿಯನ್ನು ಒತ್ತಿ ಹಿಡಿದರೆ ನಡುವಿನ ಹಸಿರು ಬೆಳಕಿನ ಬಳೆ ಸುತ್ತತೊಡಗುತ್ತಿತ್ತು, ಆದರೆ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರು ಒಮ್ಮೆಯೂ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಆ ಕಂಟ್ರೋಲರ್ 2.4 ಗಿಗಾಹರ್ಟ್ಸ್ ತರಂಗಗಳನ್ನೇ ಬಳಸುತ್ತದೆಯಾದರೂ ಅದು ಆಡುವ ಭಾಷೆ ಬ್ಲೂಟೂತ್ ಅಲ್ಲ, ಆ ಕನ್ಸೋಲಿಗೆಂದೇ ರೂಪಿಸಿದ ಬೇರೊಂದು ಸಂಪರ್ಕ ವಿಧಾನ. ವೈರ್‌ಲೆಸ್ ಎಂಬ ಪದ ತಂತಿ ಇಲ್ಲವೆಂದಷ್ಟೇ ಹೇಳುತ್ತದೆ, ಆ ಸಾಧನ ಯಾರೊಡನೆ ಮಾತನಾಡಬಲ್ಲದು ಎಂಬುದನ್ನು ಹೇಳುವುದಿಲ್ಲ. ಇಷ್ಟನ್ನು ಮೊದಲೇ ತಿಳಿದುಕೊಂಡಿದ್ದರೆ ಮುಂದಿನ ಯಾವ ಅನಾಹುತವೂ ಆಗುತ್ತಿರಲಿಲ್ಲ.

ಬ್ಲೂಟೂತ್ ಕೈಕೊಟ್ಟ ಮೇಲೆ ತಂತಿಯ ಕಡೆಗೆ ತಿರುಗಿದೆ. ಕಂಟ್ರೋಲರಿನೊಡನೆ ಬಂದಿದ್ದ ಚಾರ್ಜಿಂಗ್ ಕೇಬಲ್ಲನ್ನು ಯುಎಸ್‌ಬಿ ಪೋರ್ಟಿಗೆ ಚುಚ್ಚಿದಾಗ ವಿಂಡೋಸ್ ತನ್ನ ಮಾಮೂಲಿ ಸದ್ದನ್ನು ಹೊರಡಿಸಿತು, ನಾನು ಕೆಲಸವಾಯಿತೆಂದು ಹಿಗ್ಗಿದೆ. ಆದರೆ ಆಟದಲ್ಲಿ ಯಾವ ಗುಂಡಿಯೂ ಕೆಲಸ ಮಾಡಲಿಲ್ಲ. 360ರ ವೈರ್‌ಲೆಸ್ ಕಂಟ್ರೋಲರಿನಲ್ಲಿ ಈ ಕೇಬಲ್ಲು ಬ್ಯಾಟರಿಗೆ ವಿದ್ಯುತ್ ಉಣಿಸುವುದಕ್ಕಷ್ಟೇ ಇರುವುದು. ಕೇಬಲ್ ಚುಚ್ಚಿಕೊಂಡಿರುವಾಗಲೂ ಗುಂಡಿಗಳ ಸಂಕೇತ ಗಾಳಿಯಲ್ಲಿಯೇ ಹೋಗುತ್ತದೆ. ಅದನ್ನು ಹಿಡಿಯಲು ಕಂಪ್ಯೂಟರಿನ ಬಳಿ ಅದಕ್ಕೆಂದೇ ಮಾಡಿದ ಪ್ರತ್ಯೇಕ ರಿಸೀವರ್ ಇರಲೇಬೇಕು.

ಹಾಗಾಗಿ ಒಂದು ರಿಸೀವರನ್ನು ತರಿಸಿದೆ. ನೋಡುವುದಕ್ಕೆ ಮೂಲ ರಿಸೀವರಿನಂತೆಯೇ ಇತ್ತು, ಆದರೆ ಅದು ನಕಲು ಎಂಬುದು ಗೊತ್ತಾದದ್ದು ಬಹಳ ತಡವಾಗಿ. ಚುಚ್ಚಿದೊಡನೆ, ಜೋಡಿಸಿದ ಸಾಧನಗಳನ್ನು ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನದೊಂದಿಗೆ ‘ಅನ್‌ನೋನ್ ಡಿವೈಸ್’ ಎಂದು ತೋರಿಸಿತು. ಡ್ರೈವರ್, ಅಂದರೆ ಸಾಧನದೊಡನೆ ಮಾತನಾಡಲು ವಿಂಡೋಸಿಗೆ ಬೇಕಾದ ಪ್ರೋಗ್ರಾಮ್, ಇಲ್ಲದಿರುವುದರಿಂದ ಹೀಗಾಗಿದೆ ಎಂದುಕೊಂಡು ಹುಡುಕಾಟ ಆರಂಭಿಸಿದೆ.

ನನ್ನನ್ನು ಮುಳುಗಿಸಿದ್ದು ಈ ಹುಡುಕಾಟ. ಮೊದಲ ಕೆಲವು ಫಲಿತಾಂಶಗಳಲ್ಲಿ ಒಂದು ತಾಣ ಬಹಳ ಅಚ್ಚುಕಟ್ಟಾಗಿತ್ತು. ಕಂಟ್ರೋಲರಿನ ಚಿತ್ರ, ನನ್ನ ವಿಂಡೋಸ್ ಆವೃತ್ತಿಯ ಹೆಸರು, ಕೆಳಗೊಂದು ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ. ಇಳಿಸಿಕೊಂಡ ಕಡತದೊಳಗೆ ಒಂದು ಸೂಚನಾ ಪತ್ರವೂ ಇತ್ತು. ಆಂಟಿವೈರಸ್ಸು ಈ ಡ್ರೈವರನ್ನು ತಪ್ಪಾಗಿ ಅಪಾಯಕಾರಿ ಎಂದು ಗುರುತಿಸುತ್ತದೆ, ಆದ್ದರಿಂದ ಮೊದಲು ಅದನ್ನು ನಿಲ್ಲಿಸಬೇಕು. ಆಮೇಲೆ ವಿಂಡೋಸಿನ ಡ್ರೈವರ್ ಸಹಿ ಪರಿಶೀಲನೆಯನ್ನೂ ನಿಲ್ಲಿಸಿ ಕಂಪ್ಯೂಟರನ್ನು ಮರುಚಾಲನೆ ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ನಾನು ಎರಡನ್ನೂ ಮಾಡಿದೆ. 64 ಬಿಟ್‌ನ ವಿಂಡೋಸ್ ವ್ಯವಸ್ಥೆಯ ಒಳಪದರಕ್ಕೆ ಇಳಿಯುವ ಡ್ರೈವರುಗಳಿಗೆ ಡಿಜಿಟಲ್ ಸಹಿ ಇರಲೇಬೇಕೆಂದು ವಿಸ್ಟಾ ಎಂಬ ಹಳೆಯ ಆವೃತ್ತಿಯ ಕಾಲದಿಂದಲೂ ಒತ್ತಾಯಿಸುತ್ತ ಬಂದಿದೆ. ಆ ಸಹಿ ಇಲ್ಲದಿದ್ದರೆ ಡ್ರೈವರನ್ನು ಯಾರು ಮಾಡಿದರು, ಮಾಡಿದ ಮೇಲೆ ಅದರಲ್ಲಿ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ತಿಳಿಯುವ ಉಪಾಯವೇ ಇಲ್ಲ. ಬಾಗಿಲಿನ ಅಗುಳಿಯನ್ನೂ ಬೀಗವನ್ನೂ ನನ್ನ ಕೈಯಾರೆ ತೆಗೆದುಕೊಟ್ಟಂತಾಯಿತು.

ಪ್ರೋಗ್ರಾಮ್ ಓಡಿತು, ಪ್ರಗತಿ ತೋರಿಸುವ ಪಟ್ಟಿ ತುಂಬಿತು, ‘ಯಶಸ್ವಿ’ ಎಂಬ ಸಂದೇಶವೂ ಬಂತು. ರಿಸೀವರ್ ಮಾತ್ರ ಹಾಗೆಯೇ ಹಳದಿ ತ್ರಿಕೋನದೊಂದಿಗೆ ಉಳಿಯಿತು. ಬೇಸರದಿಂದ ಎಲ್ಲವನ್ನೂ ಮುಚ್ಚಿಟ್ಟು ಮಲಗಿದೆ. ಎರಡು ದಿನಗಳ ನಂತರ ಬೆಳಗ್ಗೆ ಫೋನಿನಲ್ಲಿ ಸಾಲಾಗಿ ಮೂರು ಮೇಲ್‌ಗಳಿದ್ದವು. ಆಟಗಳ ಖಾತೆಗೆ ಹೊಸ ಸಾಧನದಿಂದ ಲಾಗಿನ್ ಆಗಿದೆ, ಪಾಸ್‌ವರ್ಡ್ ಬದಲಾಗಿದೆ, ಖಾತೆಯ ಮೇಲ್ ವಿಳಾಸ ಬದಲಾಗಿದೆ. ಮೂರಕ್ಕೂ ನಡುವೆ ನಾಲ್ಕೇ ನಿಮಿಷಗಳ ಅಂತರ. ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳೂ ಲಾಗಿನ್ ಆಗಿಯೇ ಉಳಿದಿದ್ದ ತಾಣಗಳ ಕುಕಿಗಳೂ (ಲಾಗಿನ್ ಆಗಿದ್ದೇವೆಂದು ನೆನಪಿಡಲು ತಾಣಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಗುರುತುಗಳು) ಒಟ್ಟಿಗೆ ಹೋಗಿದ್ದವು ಎಂದು ಆಮೇಲೆ ತಿಳಿಯಿತು. ಇಂಥ ಕಳ್ಳ ಪ್ರೋಗ್ರಾಮುಗಳು ಕುಕಿಗಳನ್ನು ಕದಿಯುವುದಕ್ಕೆ ಕಾರಣವಿದೆ: ಈಗಾಗಲೇ ಲಾಗಿನ್ ಆಗಿರುವ ಕುಕಿ ಕೈಯಲ್ಲಿದ್ದರೆ ಎಷ್ಟೋ ತಾಣಗಳು ಪಾಸ್‌ವರ್ಡನ್ನಾಗಲಿ ಫೋನಿಗೆ ಬರುವ ಸಂಖ್ಯೆಯನ್ನಾಗಲಿ ಮತ್ತೆ ಕೇಳುವುದೇ ಇಲ್ಲ. ಖಾತೆಯನ್ನು ಹಿಂದಕ್ಕೆ ಪಡೆಯಲು ಹಳೆಯ ಖರೀದಿಗಳ ರಸೀದಿಗಳನ್ನು ಒಂದೊಂದಾಗಿ ಹುಡುಕಿ ಕಳಿಸಬೇಕಾಯಿತು. ಆ ಹನ್ನೊಂದು ದಿನ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ, ಏಕೆಂದರೆ ಇನ್ನೇನೇನು ಹೋಗಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಈ ಕತೆಯಲ್ಲಿ ನನಗೆ ಇಂದಿಗೂ ಸಂಕಟ ಕೊಡುವ ಸಂಗತಿ ಒಂದಿದೆ. ನಾನು ಹುಡುಕಿಕೊಂಡು ಹೋದ ಡ್ರೈವರು ಮೊದಲಿನಿಂದಲೂ ನನ್ನ ಕಂಪ್ಯೂಟರಿನಲ್ಲಿಯೇ ಇತ್ತು. ಪ್ರತಿ ಯುಎಸ್‌ಬಿ ಸಾಧನದೊಳಗೂ ತಯಾರಕರ ಗುರುತಿನ ಒಂದು ಸಂಖ್ಯೆ, ಆ ಉತ್ಪನ್ನದ ಗುರುತಿನ ಇನ್ನೊಂದು ಸಂಖ್ಯೆ ಇರುತ್ತವೆ, ವಿಂಡೋಸ್ ಇವೆರಡನ್ನೂ ನೋಡಿಯೇ ಡ್ರೈವರನ್ನು ಆರಿಸುತ್ತದೆ. ಮೂಲ ರಿಸೀವರಿನ ಉತ್ಪನ್ನ ಸಂಖ್ಯೆ 0719. ನನ್ನ ನಕಲಿನಲ್ಲಿ ಇದ್ದದ್ದು ಬೇರೆ ಸಂಖ್ಯೆ, ಆದ್ದರಿಂದ ಡ್ರೈವರ್ ಪಕ್ಕದಲ್ಲಿಯೇ ಇದ್ದರೂ ಅದು ಈ ಸಾಧನದ್ದು ಎಂದು ವಿಂಡೋಸಿಗೆ ಹೊಳೆಯಲಿಲ್ಲ. ವ್ಯವಸ್ಥೆಯನ್ನು ಹೊಸದಾಗಿ ಹಾಕಿದ ಮೇಲೆ ಮಾಡಿದ ಕೆಲಸ ಇಷ್ಟೇ: ಡಿವೈಸ್ ಮ್ಯಾನೇಜರಿನಲ್ಲಿ ಆ ಗುರುತಿಲ್ಲದ ಸಾಧನವನ್ನು ಆರಿಸಿ, ‘ಅಪ್‌ಡೇಟ್ ಡ್ರೈವರ್’ ಒತ್ತಿ, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಆಯ್ಕೆಗೆ ಹೋಗಿ, ‘ಎಕ್ಸ್‌ಬಾಕ್ಸ್ 360 ಪೆರಿಫೆರಲ್ಸ್’ ಎಂಬ ಗುಂಪಿನಲ್ಲಿದ್ದ ವೈರ್‌ಲೆಸ್ ರಿಸೀವರಿನ ಡ್ರೈವರನ್ನು ಆರಿಸಿದೆ. ಹೊಂದಿಕೆಯಾಗದೇ ಇರಬಹುದು ಎಂಬ ಎಚ್ಚರಿಕೆ ಬಂತು, ಒಪ್ಪಿಕೊಂಡೆ. ರಿಸೀವರಿನ ಗುಂಡಿ ಒತ್ತಿ, ಕೂಡಲೇ ಕಂಟ್ರೋಲರಿನ ಗುಂಡಿ ಒತ್ತಿದಾಗ ಸುತ್ತುತ್ತಿದ್ದ ಹಸಿರು ಬಳೆ ನಿಂತು, ಅದರ ನಾಲ್ಕು ತುಣುಕುಗಳಲ್ಲಿ ಎಡಮೇಲಿನದೊಂದೇ ಸ್ಥಿರವಾಗಿ ಬೆಳಗಿತು. ಹೊರಗಿನಿಂದ ಒಂದು ಅಕ್ಷರವನ್ನೂ ಇಳಿಸಿಕೊಳ್ಳಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಆ ಹೆಸರು ಇಲ್ಲದಿದ್ದರೆ ಮೈಕ್ರೋಸಾಫ್ಟಿನ ಅಪ್‌ಡೇಟ್ ಕ್ಯಾಟಲಾಗಿನಲ್ಲಿ ನೋಡಿ, ಮೂರನೆಯವರ ಡ್ರೈವರ್ ಸಂಗ್ರಹಗಳ ಹತ್ತಿರವೂ ಸುಳಿಯಬೇಡಿ.

ಜೋಡಿಯಾದ ಮೇಲೂ ಒಂದು ತೊಂದರೆ ಕಾಡಿತು. ಪಾತ್ರವನ್ನು ನಡೆಸುವ ಕಂಟ್ರೋಲರಿನ ಪುಟ್ಟ ಕೋಲಿನಿಂದ (ಸ್ಟಿಕ್) ಬೆರಳು ತೆಗೆದ ಮೇಲೂ ಆಟದ ಪಾತ್ರ ಅರೆ ಕ್ಷಣ ಓಡುತ್ತಲೇ ಇರುತ್ತಿತ್ತು, ಒಮ್ಮೊಮ್ಮೆ ಸಂಪರ್ಕವೇ ಕಡಿದುಹೋಗುತ್ತಿತ್ತು. ಪಕ್ಕದ ಯುಎಸ್‌ಬಿ 3 ಪೋರ್ಟಿನಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಇರುವಾಗ ಮಾತ್ರ ಹೀಗಾಗುತ್ತದೆ ಎಂದು ಗಮನಿಸಲು ಒಂದು ವಾರ ಬೇಕಾಯಿತು. ಯುಎಸ್‌ಬಿ 3ರ ದತ್ತಾಂಶ ಹರಿಯುವಾಗ ಏಳುವ ಗದ್ದಲ 2.4 ಗಿಗಾಹರ್ಟ್ಸ್ ವಲಯದ ಮೇಲೂ ಬೀಳುತ್ತದೆ ಎಂದು ಇಂಟೆಲ್ 2012ರಲ್ಲಿಯೇ ವಿವರವಾದ ತಾಂತ್ರಿಕ ಬರಹವನ್ನು ಹೊರತಂದಿದೆ. ರಿಸೀವರನ್ನು ಒಂದು ಮೀಟರ್ ಉದ್ದದ ಯುಎಸ್‌ಬಿ ವಿಸ್ತರಣಾ ಕೇಬಲ್ಲಿಗೆ ಹಾಕಿ ಮೇಜಿನ ಮುಂಭಾಗಕ್ಕೆ ತಂದೆ, ತೊಂದರೆ ಅಂದಿನಿಂದ ಕಾಣಿಸಿಲ್ಲ. ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಬ್ಲೂಟೂತ್ ಡಾಂಗಲ್ ಬಳಸುವವರೂ ಡ್ರೈವರನ್ನು ಶಂಕಿಸುವ ಮೊದಲು ಇದನ್ನು ಪರೀಕ್ಷಿಸಬೇಕು.

ಬೇರೆ ಕಂಟ್ರೋಲರುಗಳನ್ನು ಕೊಳ್ಳುವವರಿಗೂ ಇದೇ ಬಗೆಯ ಹೊಂಡಗಳಿವೆ. ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರುಗಳಲ್ಲಿ 1537 ಮತ್ತು 1697 ಮಾದರಿಗಳಿಗೆ ಬ್ಲೂಟೂತ್ ಇಲ್ಲ, 1708ಕ್ಕೆ ಇದೆ. ಮಾದರಿಯ ಸಂಖ್ಯೆಯನ್ನು ಬ್ಯಾಟರಿ ಗೂಡಿನೊಳಗಿನ ಚೀಟಿಯಲ್ಲಿ ನೋಡಬಹುದು. ನಡುವಿನ ಲಾಂಛನದ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ಕು ಮುಂಭಾಗದೊಡನೆ ಒಂದೇ ತುಣುಕಾಗಿದ್ದರೆ ಬ್ಲೂಟೂತ್ ಇದೆ, ಮೇಲಂಚಿನ ಗುಂಡಿಗಳ ಪ್ಲಾಸ್ಟಿಕ್ಕಿನೊಡನೆ ಸೇರಿದ್ದರೆ ಇಲ್ಲ ಎಂದು ಚಿತ್ರ ನೋಡಿಯೇ ಹೇಳಬಹುದು. ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4 ಮತ್ತು ಡ್ಯುಯಲ್‌ಸೆನ್ಸ್ ಎರಡೂ ಬ್ಲೂಟೂತಿನಲ್ಲಿಯೇ ಕೂಡಿಕೊಳ್ಳುತ್ತವೆ. ಆದರೆ ಕಂಪ್ಯೂಟರಿನ ಬಹಳಷ್ಟು ಆಟಗಳು ನಿರೀಕ್ಷಿಸುವುದು ಎಕ್ಸ್‌ಇನ್‌ಪುಟ್ ಎಂಬ ಮೈಕ್ರೋಸಾಫ್ಟಿನ ವಿಧಾನವನ್ನು, ಅದನ್ನು ಇವು ತಾವಾಗಿ ಆಡುವುದಿಲ್ಲ. ಕಂಪ್ಯೂಟರ್ ಆಟಗಳನ್ನು ಕೊಂಡು ಆಡುವ ಸ್ಟೀಮ್ ತಂತ್ರಾಂಶವನ್ನು ಬಳಸುವವರಾದರೆ ಅದರೊಳಗಿನ ಕಂಟ್ರೋಲರ್ ಆಯ್ಕೆಗಳೇ ಈ ಅನುವಾದವನ್ನು ಮಾಡಿಕೊಡುತ್ತವೆ, ಮೊದಲು ಅದನ್ನೇ ನೋಡಿ. ಅದರ ಜೊತೆಗೆ ಇನ್ನೊಂದು ಅನುವಾದಕವನ್ನೂ ಓಡಿಸಿದರೆ ಒಂದು ಗುಂಡಿ ಎರಡು ಸಲ ಒತ್ತಿದಂತೆ ಆಗುತ್ತದೆ. ಹಳೆಯ ಡ್ಯುಯಲ್‌ಶಾಕ್ 3ರ ವಿಷಯದಲ್ಲಂತೂ ತೀರ ಜೋಪಾನವಾಗಿರಿ: ಕೆಲವು ಹಳೆಯ ವಿಧಾನಗಳಲ್ಲಿ ಬ್ಲೂಟೂತ್ ಡಾಂಗಲ್ಲಿನ ಡ್ರೈವರನ್ನೇ ಬದಲಿಸಬೇಕಾಗುತ್ತದೆ, ಪಟ್ಟಿಯಲ್ಲಿ ಒಂದು ಸಾಲು ತಪ್ಪಿ ಆರಿಸಿದರೆ ಕೀಬೋರ್ಡೋ ಮೌಸೋ ಅಲ್ಲಿಗೇ ನಿಂತುಹೋಗುತ್ತದೆ.

ನನ್ನಂತೆ ಯಾರಾದರೂ ಆಂಟಿವೈರಸ್ ನಿಲ್ಲಿಸಿ ಇಂಥದೊಂದು ಪ್ರೋಗ್ರಾಮನ್ನು ಈಗಾಗಲೇ ಓಡಿಸಿದ್ದರೆ ದಯವಿಟ್ಟು ಇಂದೇ ಇಷ್ಟು ಮಾಡಿ. ಆ ಕಂಪ್ಯೂಟರನ್ನು ಮೊದಲು ಇಂಟರ್ನೆಟ್ಟಿನಿಂದ ಬಿಡಿಸಿ. ಪಾಸ್‌ವರ್ಡುಗಳನ್ನು ಅದೇ ಕಂಪ್ಯೂಟರಿನಲ್ಲಿ ಕೂತು ಬದಲಿಸಬೇಡಿ, ನಾನು ಗಾಬರಿಯಲ್ಲಿ ಹಾಗೆ ಮಾಡಿ ಹೊಸ ಪಾಸ್‌ವರ್ಡನ್ನೂ ಕಳ್ಳರ ಕೈಗೇ ಕೊಟ್ಟೆ. ಫೋನಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಮೊದಲು ಮೇಲ್ ಖಾತೆಯ ಪಾಸ್‌ವರ್ಡನ್ನು ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡುವ ಆಯ್ಕೆಯನ್ನು ಒತ್ತಿ, ಆಮೇಲೆ ಬ್ಯಾಂಕು, ಅದಾದ ಮೇಲೆ ಆಟಗಳ ಖಾತೆ. ಖರೀದಿಯ ರಸೀದಿಗಳಿರುವ ಮೇಲ್‌ಗಳನ್ನು ಅಳಿಸಬೇಡಿ, ಖಾತೆ ನಿಮ್ಮದೆಂದು ತೋರಿಸಲು ಅವು ಬೇಕಾಗುತ್ತವೆ.