ಹಳೆಯ ಕಾರಿಗೆ ಮನೆಯಲ್ಲೇ ಸದ್ದು ತಡೆಯುವ ಹಾಳೆ ಅಂಟಿಸುವ ಮುನ್ನ ಇದನ್ನು ಓದಿ

ಕಾರಿನೊಳಗೆ ಚಾಲಕನ ಪಾದ ಊರುವ ಜಾಗದಲ್ಲಿ ನಾನೇ ಅಂಟಿಸಿದ್ದ ಬೆಳ್ಳಿಬಣ್ಣದ ಹಾಳೆಯ ಒಂದು ಮೂಲೆ ಎದ್ದಿತ್ತು. ಮತ್ತೆ ಒತ್ತಿ ಕೂರಿಸೋಣವೆಂದು ಹೆಬ್ಬೆರಳು ಇಟ್ಟೆ. ಅಂಚಿನಿಂದ ಕೆಮ್ಮಣ್ಣಿನ ಬಣ್ಣದ ನೀರು ಒಸರಿ ಉಗುರಿನ ಸುತ್ತ ನಿಂತಿತು. ಎದೆ ಧಸಕ್ಕೆಂದಿತು. ಹಾಳೆಯನ್ನು ಸೀಳಿ ತೆಗೆದು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಕೆರೆದರೆ ಬಣ್ಣದ ಪದರು ಹಾವಿನ ಪೊರೆಯಂತೆ ಕಳಚಿಬಂತು. ಅದರಡಿ ತುಕ್ಕಿನ ಪುಡಿ. ಪುಡಿಯನ್ನು ಸರಿಸಿದರೆ ಬೆಳಕು. ಕಾರಿನ ಕೆಳಗೆ ಬಿದ್ದಿದ್ದ ಒಣ ಎಲೆಯೊಂದು ಆ ತೂತಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಇನ್ನೊಬ್ಬರ ಕಾರಿಗೆ ಹೀಗಾಗಬಾರದು ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದೆಂದು ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಫಲ ಖಂಡಿತ ಸಿಗುತ್ತದೆ. ಆದರೆ ಸದ್ದಿನ ಹಿಂದೆ ಬಿದ್ದು ನೀರಿನ ದಾರಿಯನ್ನು ಮರೆತರೆ ಕಾರು ಉಳಿಯುವುದಿಲ್ಲ. ನಾನು ಮರೆತೆ.

ನನ್ನದು ಹದಿನೆಂಟು ವರ್ಷದ ಕಾರು. ಎಂಜಿನ್ ಗಟ್ಟಿಮುಟ್ಟಾಗಿತ್ತು, ಮಾರುವ ಮನಸ್ಸಿರಲಿಲ್ಲ. ಒಂದೇ ತೊಂದರೆಯೆಂದರೆ ಗಂಟೆಗೆ 80 ಕಿಲೋಮೀಟರ್ ದಾಟಿದರೆ ಹಿಂದಿನ ಸೀಟಿನಲ್ಲಿರುವ ತಾಯಿಯ ಮಾತು ನನಗೆ ಕೇಳುತ್ತಿರಲಿಲ್ಲ. ಎರಡು ವಾರಾಂತ್ಯಗಳಲ್ಲಿ ಸೀಟು, ಕಾರ್ಪೆಟ್, ಬಾಗಿಲಿನ ಒಳಹೊದಿಕೆ ಎಲ್ಲವನ್ನೂ ಬಿಚ್ಚಿ, ಕಣ್ಣಿಗೆ ಕಂಡ ಲೋಹಕ್ಕೆಲ್ಲ ಹಾಳೆ ಅಂಟಿಸಿ ಮುಗಿಸಿದೆ. ನೆಲದಲ್ಲಿ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಿದ್ದದ್ದನ್ನು ಆಗಲೇ ನೋಡಿದ್ದೆ. ಬಟ್ಟೆಯಿಂದ ಒರೆಸಿ, ಹಾಳೆ ಅಂಟಿಸಿದ ಮೇಲೆ ಗಾಳಿ ನೀರು ತಾಗುವುದಿಲ್ಲವೆಂದು ಧೈರ್ಯ ತಂದುಕೊಂಡು ಅದರ ಮೇಲೆಯೇ ಅಂಟಿಸಿದೆ.

ಮೊದಲ ತಪ್ಪು ಹಾಳೆಯದೇ. ನಾನು ತಂದದ್ದು ಮನೆಯ ಛಾವಣಿಯ ಸೋರಿಕೆ ಮುಚ್ಚುವ ಡಾಂಬರಿನ ಪಟ್ಟಿ. ಮೇಲೆ ಅಲ್ಯೂಮಿನಿಯಂ ಹೊಳಪು, ಕೆಳಗೆ ಕಪ್ಪು ಅಂಟು. ನೋಡಲು ಕಾರಿಗೆಂದೇ ಮಾಡುವ ಬ್ಯುಟೈಲ್ ರಬ್ಬರಿನ ಹಾಳೆಯಂತೆಯೇ ಇರುತ್ತದೆ, ಬೆಲೆ ಮಾತ್ರ ಅದರ ಸಣ್ಣ ಪಾಲು. ಹಳೆಯ ಕಾರುಗಳ ನೆಲಕ್ಕೆ ಕಾರ್ಖಾನೆಯಲ್ಲೇ ಡಾಂಬರಿನ ಹಾಳೆ ಹಾಕಿರುತ್ತಾರಲ್ಲ, ಹಾಗಾದರೆ ಇದೂ ಸರಿ ಎಂಬುದು ನನ್ನ ಲೆಕ್ಕಾಚಾರ. ಆದರೆ ಕಾರ್ಖಾನೆಯ ಹಾಳೆ ಬಣ್ಣ ಒಣಗಿಸುವ ಕುಲುಮೆಯ ಶಾಖದಲ್ಲಿ ಕರಗಿ ಲೋಹಕ್ಕೆ ಬೆಸೆದುಕೊಂಡು ಗಟ್ಟಿಯಾಗುತ್ತದೆ. ನಾನು ತಂದದ್ದು ಬರೀ ಅಂಟಿನ ಬಲದಲ್ಲಿ ನಿಲ್ಲುವಂಥದ್ದು. ಬಿಸಿಲಿನಲ್ಲಿ ನಿಂತ ಕಾರಿನ ಛಾವಣಿಯ ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಆ ಶಾಖಕ್ಕೆ ಡಾಂಬರು ಮೆತ್ತಗಾಗಿ ಜಾರತೊಡಗುತ್ತದೆ.

ಬೇಸಿಗೆಯ ಮೊದಲ ವಾರದಲ್ಲೇ ವಾಸನೆ ಶುರುವಾಯಿತು. ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಪಕ್ಕದಲ್ಲಿ ನಿಂತಂತೆ. ಹತ್ತು ನಿಮಿಷ ಕುಳಿತ ತಾಯಿ ತಲೆ ನೋಯುತ್ತಿದೆ, ಕಿಟಕಿ ಇಳಿಸು ಎಂದರು. ಸದ್ದು ತಡೆಯಲೆಂದು ಮಾಡಿದ ಕೆಲಸವೆಲ್ಲ ಆ ಕಿಟಕಿಯಿಂದ ಹೊರಗೆ ಹೋಯಿತು. ಮುಂದಿನ ತಿಂಗಳು ಛಾವಣಿಯ ಒಳಬಟ್ಟೆ ನಡುವೆ ಜೋತುಬಿತ್ತು. ಮೇಲಿನ ಹಾಳೆ ಕಳಚಿ ಅದರ ಮೇಲೆ ಬಿದ್ದಿತ್ತು. ಎಡಬಾಗಿಲಿನ ಗಾಜು ಅರ್ಧಕ್ಕೆ ನಿಂತುಹೋದಾಗ ಬಿಚ್ಚಿ ನೋಡಿದರೆ ಗಾಜು ಏರಿಳಿಯುವ ಹಳಿಯ ತುಂಬ ಕಪ್ಪು ಜಿಗುಟು. ಕೊಳ್ಳುವಾಗ ಹಾಳೆಯ ಮೇಲೆ ಬ್ಯುಟೈಲ್ ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ತೆಗೆದುಕೊಳ್ಳಬೇಡಿ. ಬರೆದಿದ್ದರೂ ಒಂದು ತುಂಡನ್ನು ತಗಡಿಗೆ ಅಂಟಿಸಿ, ತಲೆಕೆಳಗಾಗಿ ಎರಡು ದಿನ ಸುಡುಬಿಸಿಲಿನಲ್ಲಿಡಿ. ಜಾರಿದರೆ ಅಥವಾ ಮೂಗಿಗೆ ಡಾಂಬರು ಹೊಡೆದರೆ ಅದು ಕಾರಿಗೆ ಬೇಡ.

ವಾಸನೆ, ಜಿಗುಟು ಎಲ್ಲ ಸಹಿಸಬಹುದಾದ ಕಷ್ಟ. ನಿಜವಾದ ಹಾನಿ ನೀರಿನಿಂದ ಆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಗಿಲು ಹೇಗೆ ಕೆಲಸ ಮಾಡುತ್ತದೆಂಬುದು ನನಗೂ ಆಗ ಗೊತ್ತಿರಲಿಲ್ಲ.

ಮಳೆ ಬಂದಾಗ ಗಾಜಿನ ಮೇಲೆ ಇಳಿಯುವ ನೀರೆಲ್ಲ ಹೊರಗೇ ಹೋಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಗಾಜಿನ ಬುಡದ ರಬ್ಬರ್ ಪಟ್ಟಿಯ ಸಂದಿನಿಂದ ನೀರು ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿದೇ ಇಳಿಯುತ್ತದೆ. ಪಟ್ಟಿ ಹಳೆಯದಾದಷ್ಟೂ ಹೆಚ್ಚು. ಕಾರು ಮಾಡಿದವರಿಗೆ ಇದು ಗೊತ್ತು. ಅದಕ್ಕೇ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಆ ನೀರು ಕಾರಿನೊಳಕ್ಕೆ ಬರದಂತೆ ಒಳಹೊದಿಕೆಯ ಹಿಂದೆ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಇಷ್ಟೇ ವ್ಯವಸ್ಥೆ. ನಾನು ಮಾಡಿದ್ದೇನೆಂದರೆ, ಆ ಪ್ಲಾಸ್ಟಿಕ್ ಹರಿದು ಸುಕ್ಕಾಗಿದೆಯೆಂದು ಕಿತ್ತು ಬಿಸಾಡಿದೆ. ಬಾಗಿಲಿನ ಹೊರತಗಡಿಗೆ ಒಳಗಿನಿಂದ ಹಾಳೆ ಅಂಟಿಸುವಾಗ ಒಂದಿಷ್ಟೂ ಜಾಗ ಬಿಡಬಾರದೆಂದು ಕೆಳಗಿನ ಅಂಚಿನ ತನಕ ಎಳೆದು, ತೂತುಗಳ ಮೇಲೂ ಒತ್ತಿದೆ. ನೀರು ಹೋಗುವ ದಾರಿ ಮುಚ್ಚಿತು, ಬರುವ ದಾರಿ ತೆರೆಯಿತು.

ಮೊದಲ ಮಳೆಗಾಲದಲ್ಲಿ ತಿರುವಿನಲ್ಲಿ ಬಾಗಿಲೊಳಗೆ ಗುಳುಗುಳು ಎನ್ನುವುದು ಕೇಳಿಸಿತ್ತು. ಕಾರು ಈಗ ಇಷ್ಟು ಸಣ್ಣ ಸದ್ದೂ ಕೇಳುವಷ್ಟು ನಿಶ್ಶಬ್ದವಾಗಿದೆಯೆಂದು ಅಂದು ಸಂತೋಷಪಟ್ಟಿದ್ದೆ. ಬಾಗಿಲಿನಲ್ಲಿ ತುಂಬಿದ ನೀರು ಹೊದಿಕೆಯ ಹಿಂದಿನಿಂದ ಹೊಸ್ತಿಲು ದಾಟಿ ಕಾರ್ಪೆಟ್ಟಿನ ಅಡಿಗೆ ಇಳಿಯುತ್ತಿತ್ತು. ಅಲ್ಲಿ ನಾನು ಹಾಸಿದ್ದು ಹತ್ತಿಯ ನಾರಿನ ದಪ್ಪ ಪದರು, ಅದರ ಮೇಲೆ ಸ್ಪಂಜು. ಎರಡೂ ನೀರನ್ನು ಹೀರಿ ಹಿಡಿದಿಡುತ್ತವೆ. ಮೇಲಿನ ಕಾರ್ಪೆಟ್ ಒಣಗಿರುತ್ತದೆ, ಅಡಿಯಲ್ಲಿ ತಿಂಗಳುಗಟ್ಟಲೆ ಒದ್ದೆ. ನೆಲದ ತೂತುಗಳಿಗೆ ಹಾಕಿರುವ ರಬ್ಬರ್ ಬಿರಡೆಗಳ ಮೇಲೂ ಹಾಳೆ ಅಂಟಿಸಿಬಿಟ್ಟಿದ್ದರಿಂದ ಬಿರಡೆಗಳನ್ನು ಕಿತ್ತು ನೀರು ಹರಿಸುವ ಉಪಾಯವೂ ಇರಲಿಲ್ಲ. ಅಂಟು ಸರಿಯಾಗಿ ಹಿಡಿಯದ ಕಡೆ ಹಾಳೆಯ ಅಡಿಗೆ ನೀರು ನುಗ್ಗಿ, ಮೊದಲೇ ಇದ್ದ ತುಕ್ಕಿನ ಚುಕ್ಕೆಗಳನ್ನು ಎರಡು ಮಳೆಗಾಲ ನೆನೆಸಿತು.

ಇಷ್ಟೆಲ್ಲ ಕಳೆದುಕೊಂಡ ಮೇಲೆ ಸದ್ದಾದರೂ ಹೋಯಿತೇ? ಬಾಗಿಲು ಮುಚ್ಚಿದಾಗ ಠಣ್ಣೆನ್ನುತ್ತಿದ್ದದ್ದು ದೊಪ್ಪೆನ್ನತೊಡಗಿತು. ಕಲ್ಲುಚೂರು ಸಿಡಿದು ತಗಡಿಗೆ ಬಡಿಯುವ ಸದ್ದು ತಗ್ಗಿತು. ಆದರೆ ಹೆದ್ದಾರಿಯಲ್ಲಿ ಕಿವಿ ತುಂಬುವ ಗುಂಯ್ ಎಂಬ ಮೊರೆತ ಹಾಗೆಯೇ ಉಳಿಯಿತು. ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಈ ಹಾಳೆಯ ಕೆಲಸ ತಗಡಿನ ನಡುಕವನ್ನು ತಡೆಯುವುದು. ನಡುಗುವ ತಗಡು ಮತ್ತು ಮೇಲಿನ ಅಲ್ಯೂಮಿನಿಯಂ ಪದರಿನ ನಡುವೆ ಸಿಕ್ಕ ಅಂಟು ಎಳೆದಾಡಿ, ನಡುಕದ ಶಕ್ತಿಯನ್ನು ಕೊಂಚ ಶಾಖವಾಗಿಸಿ ಮುಗಿಸುತ್ತದೆ. ಅದಕ್ಕೆ ತಗಡಿನ ನಡುಭಾಗದ ಕಾಲು ಪಾಲು ಮುಚ್ಚಿದರೂ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ. ಮೂಲೆ ಮೂಲೆಗೂ ಅಂಟಿಸುವುದರಿಂದ ಬರುವುದು ತೂಕವೇ. ಎರಡು ಮಿಲಿಮೀಟರ್ ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಹಳೆಯ ಬಾಗಿಲಿನ ಹಿಂಜುಗಳು ಅದನ್ನು ಹೊರಬೇಕು.

ಗಾಳಿಯಲ್ಲಿ ತೇಲಿ ಬರುವ ಸದ್ದನ್ನು ತಡೆಯುವುದು ಬೇರೆಯೇ ಕೆಲಸ. ಅದಕ್ಕೆ ಭಾರವಾದ, ಎಲ್ಲೂ ಬಿರುಕಿಲ್ಲದ ಪರದೆ ಬೇಕು. ಪರದೆಯ ತೂಕ ಎರಡು ಪಟ್ಟಾದರೆ ಸದ್ದು ಇಳಿಯುವುದು ಸುಮಾರು 6 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾದಂತೆ ತೋರಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಬಾಗಿಲಿನ ರಬ್ಬರ್ ಬೀಡಿಂಗ್ ಒಣಗಿ ಸಂದು ಬಿಟ್ಟಿರುವ ಕಾರಿನಲ್ಲಿ ಎಷ್ಟು ತೂಕ ಹೇರಿದರೂ ಸದ್ದು ಆ ಸಂದಿನಿಂದಲೇ ಬರುತ್ತದೆ. ನನ್ನ ಕಾರಿನ ಬೀಡಿಂಗಿನ ನಡುವೆ ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆದರೆ ಮೂರು ಕಡೆ ಅದು ಸಲೀಸಾಗಿ ಬಂತು. ಈ ಪರೀಕ್ಷೆಗೆ ಐದು ನಿಮಿಷವೂ ಬೇಡ. ಅದನ್ನು ನಾನು ಮಾಡಿದ್ದು ಎರಡು ವರ್ಷ ತಡವಾಗಿ.

ನೆನೆಸಿಕೊಂಡರೆ ಈಗಲೂ ಮೈ ನಡುಗುವುದು ಆ ಮೊರೆತದ ವಿಷಯಕ್ಕೆ. ಅದು ವೇಗ ಏರಿದಂತೆ ಏರುತ್ತಿತ್ತು, ಎಡಕ್ಕೆ ತಿರುಗಿಸಿದಾಗ ಜೋರಾಗಿ ಬಲಕ್ಕೆ ತಿರುಗಿಸಿದಾಗ ತಗ್ಗುತ್ತಿತ್ತು. ಬಲ ಮುಂಚಕ್ರದ ಬೇರಿಂಗ್ ಸವೆದಿತ್ತು. ಮೆಕ್ಯಾನಿಕ್ ಕಾರನ್ನು ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಅದು ಕಟಕಟನೆ ಆಡಿತು. ಎಷ್ಟು ದಿನದಿಂದ ಸದ್ದಿದೆ ಎಂದು ಅವರು ಕೇಳಿದಾಗ ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಅಪಾಯ ಹೇಳುತ್ತಿದ್ದ ಸದ್ದಿನ ಮೇಲೆ ನಾನು ಹಾಳೆಯ ಮೇಲೆ ಹಾಳೆ ಹೊದಿಸುತ್ತಿದ್ದೆ, ತಾಯಿಯನ್ನು ಹಿಂದೆ ಕೂರಿಸಿಕೊಂಡು ಓಡಾಡುತ್ತಿದ್ದೆ. ಟಯರುಗಳು ಅಲೆಅಲೆಯಾಗಿ ಸವೆದಿದ್ದರೂ, ಸೈಲೆನ್ಸರಿನ ಜೋಡಣೆ ಸೋರುತ್ತಿದ್ದರೂ, ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿದ್ದರೂ ಕಾರೊಳಗೆ ಸದ್ದು ಹೆಚ್ಚುತ್ತದೆ. ಸೈಲೆನ್ಸರ್ ಸೋರುವುದು, ಕಾರಿನ ನೆಲ ತೂತಾಗುವುದು ಎರಡೂ ಸೇರಿದರೆ ವಿಷದ ಹೊಗೆ ಒಳಗೆ ಬರಬಹುದು. ಆದ್ದರಿಂದ ಹಾಳೆ ಕೊಳ್ಳುವ ಮೊದಲು ಇವನ್ನೆಲ್ಲ ತೋರಿಸಿ. ಎಷ್ಟೋ ಕಾರುಗಳಿಗೆ ಹಾಳೆಯ ಅಗತ್ಯವೇ ಬೀಳುವುದಿಲ್ಲ.

ಸೀಟು ಬಿಚ್ಚುವಾಗ ಅದರ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್ ಬಿಗಿಯುವ ಸಾಧನದ್ದು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರಿನ ಕೈಪಿಡಿ ಹೇಳಿದಷ್ಟು ನಿಮಿಷ ಕಾದ ಮೇಲಷ್ಟೇ ಅದನ್ನು ಮುಟ್ಟಬೇಕು. ಕಿಟಕಿಗಳ ಪಕ್ಕದ ಕಂಬಗಳ ಮತ್ತು ಛಾವಣಿಯ ಅಂಚಿನಲ್ಲಿ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇದ್ದರೆ ಅಲ್ಲಿ ಏನನ್ನೂ ತುರುಕಬೇಡಿ. ಉಬ್ಬುವ ನೊರೆಯನ್ನು ಹೊಸ್ತಿಲಿನ ಟೊಳ್ಳಿನೊಳಗೆ ಸಿಂಪಡಿಸಲು ಹೇಳುವವರಿದ್ದಾರೆ. ಅದು ನೀರಿಳಿಯುವ ಒಳದಾರಿಗಳನ್ನು ಶಾಶ್ವತವಾಗಿ ಮುಚ್ಚುತ್ತದೆ, ಮತ್ತೆ ತೆಗೆಯಲು ಲೋಹವನ್ನೇ ಕತ್ತರಿಸಬೇಕು. ಪ್ಯಾಕಿಂಗಿಗೆ ಬರುವ ಸ್ಪಂಜು, ಹಳೆಯ ಹಾಸಿಗೆಯ ಫೋಮ್ ಬೇಡವೇ ಬೇಡ. ಕಾರೊಳಗೆ ಬಳಸುವ ವಸ್ತುವಿಗೆ ಬೆಂಕಿ ತಗುಲಿದರೆ ಅದು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದೆಂದು ಅಮೆರಿಕದ 302ನೇ ವಾಹನ ಸುರಕ್ಷತಾ ಮಾನದಂಡ ಹೇಳುತ್ತದೆ. ಹಾಸಿಗೆಯ ಫೋಮನ್ನು ಅಂಥ ಪರೀಕ್ಷೆಗಾಗಿ ಮಾಡಿರುವುದಿಲ್ಲ.

ಡಾಂಬರನ್ನು ತೆಗೆಯುವುದು ಅಂಟಿಸಿದ್ದಕ್ಕಿಂತ ಹತ್ತು ಪಟ್ಟು ಶ್ರಮ. ನೆಲಕ್ಕೆ ಬೆಸುಗೆ ಹಾಕಬೇಕಾದ ಟಿಂಕರಿಂಗ್‌ನವರು ಒಂದು ಚೂರು ಡಾಂಬರು, ಫೋಮ್ ಉಳಿದಿದ್ದರೂ ಕೈ ಹಾಕುವುದಿಲ್ಲ ಎಂದರು. ಬೆಸುಗೆಯ ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಮೆತ್ತಗಿನ ಡಾಂಬರನ್ನು ಹೀಟ್ ಗನ್ ಹಿಡಿದು ಕೆರೆದರೆ ಕೆರೆಯುವ ಅಲಗಿಗೆ ಅಂಟಿಕೊಂಡು ಎಳೆಎಳೆಯಾಗಿ ಬರುತ್ತದೆ, ಸೀಮೆಎಣ್ಣೆಯಲ್ಲಿ ಒರೆಸಿದರೆ ಇನ್ನಷ್ಟು ಹರಡುತ್ತದೆ. ಕೊನೆಗೆ ಕೈಗೆ ಬಂದದ್ದು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್. ಮೈನಸ್ 78 ಡಿಗ್ರಿಯ ಆ ತುಂಡುಗಳನ್ನು ಹತ್ತು ನಿಮಿಷ ಇಟ್ಟು ಸುತ್ತಿಗೆಯಿಂದ ತಟ್ಟಿದರೆ ಡಾಂಬರು ಗಾಜಿನಂತೆ ಒಡೆದು ಬರುತ್ತದೆ. ನಾಲ್ಕೂ ಬಾಗಿಲು ತೆರೆದಿಟ್ಟು, ದಪ್ಪ ಕೈಗವಸು ಹಾಕಿಯೇ ಮಾಡಿ. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಕಾರಿನಲ್ಲಿ ಉಸಿರು ಕಟ್ಟಿಸುತ್ತದೆ.

ಎರಡನೆಯ ಬಾರಿ ಕೆಲಸದ ಕ್ರಮವೇ ಬದಲಾಯಿತು. ಬೇರಿಂಗ್, ಟಯರ್, ಬೀಡಿಂಗ್ ಹೊಸದು. ಅಷ್ಟಕ್ಕೇ ತಾಯಿಯ ಮಾತು ಮುಂದಿನ ಸೀಟಿಗೆ ಕೇಳತೊಡಗಿತು. ಬಳಿಕ ಬರಿಯ ನೆಲದ ಮೇಲೆ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟು ಸೋರುವ ಜಾಗಗಳನ್ನು ಹುಡುಕಿದೆವು. ಮುಂಗಾಜಿನ ಮೂಲೆಯಲ್ಲೂ ಒಂದು ಸಿಕ್ಕಿತು. ಎಸಿಯಿಂದ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿತ್ತು. ಅದೂ ಪಕ್ಕದ ಸೀಟಿನ ಕಾಲಿನ ಬಳಿ ನೀರು ತುಂಬಿಸುವಂಥದ್ದೇ. ಎಲ್ಲ ಸರಿಯಾದ ಮೇಲೆ ತುಕ್ಕು ಕೆರೆದು, ಪ್ರೈಮರ್ ಮತ್ತು ಬಣ್ಣ ಹಚ್ಚಿ, ತಗಡುಗಳ ನಡುಭಾಗಕ್ಕೆ ಮಾತ್ರ ಬ್ಯುಟೈಲ್ ಹಾಳೆ ಒತ್ತಿದೆ. ಬಾಗಿಲಿನ ಕೆಳತುದಿಯ ನಾಲ್ಕು ಬೆರಳಗಲವನ್ನು ಖಾಲಿ ಬಿಟ್ಟೆ. ಒಳಹೊದಿಕೆಯ ಹಿಂದೆ ಹೊಸ ಪ್ಲಾಸ್ಟಿಕ್ ಬಂತು. ಕಾರ್ಪೆಟ್ಟಿನ ಅಡಿಗೆ ನೀರು ಹೀರದ ಫೋಮ್ ಹಾಸಿದೆ, ಅಂಟಿಸಲಿಲ್ಲ, ಬೇಕೆಂದಾಗ ಎತ್ತಿ ನೋಡಬಹುದು.

ಈಗಾಗಲೇ ಹಾಳೆ ಅಂಟಿಸಿರುವವರು ಈ ವಾರವೇ ಒಂದು ಕೆಲಸ ಮಾಡಿ. ಬಾಗಿಲಿನ ಕೆಳ ಅಂಚಿನ ತೂತುಗಳಿಗೆ ತೆಳುವಾದ ಪ್ಲಾಸ್ಟಿಕ್ ಕಡ್ಡಿ ತೂರಿಸಿ, ಅದು ತಡೆಯಿಲ್ಲದೆ ಒಳಗೆ ಹೋಗಬೇಕು. ಆಮೇಲೆ ಮುಂದಿನ ಎರಡೂ ಕಡೆ ಹೊಸ್ತಿಲಿನ ಪಟ್ಟಿ ಬಿಚ್ಚಿ, ಕಾರ್ಪೆಟ್ ಎತ್ತಿ, ನೆಲದ ಅತಿ ತಗ್ಗಿನ ಜಾಗಕ್ಕೆ ಒಣ ಬಿಳಿ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಒದ್ದೆಯಾಗಲಿ, ಕೆಂಪು ಕಲೆಯಾಗಲಿ ಬಟ್ಟೆಗೆ ಹತ್ತಿದರೆ ಅಂದೇ ಸೀಟು ಬಿಚ್ಚಿ.