ಲಿಬ್ರೆಆಫೀಸ್ ರೈಟರ್: ಕೆಂಪು ಗೆರೆಯ ಕಾಟ, ಆದರೂ ಬಿಡಲಾರೆ

ಚಾಮರಾಜಪೇಟೆಯ ಒಂದು ಪ್ರೆಸ್ಸಿಗೆ ಸ್ಮರಣ ಸಂಚಿಕೆಗಳ ಕರಡು ತಿದ್ದಿಕೊಡುವುದು ನನ್ನ ಕೆಲಸ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್, ಬರೆಯಲು ತಿದ್ದಲು ಲಿಬ್ರೆಆಫೀಸಿನ ರೈಟರ್. ಎರಡಕ್ಕೂ ಕಾಸು ಕೊಡಬೇಕಿಲ್ಲ. ವರ್ಷವರ್ಷವೂ ಚಂದಾ ಕಟ್ಟುವಷ್ಟು ದುಡ್ಡು ಈ ಕೆಲಸದಲ್ಲಿ ಹುಟ್ಟುವುದಿಲ್ಲ.

ಮೊದಮೊದಲು ನನಗೆ ವಿಪರೀತ ಸಿಟ್ಟು ತರಿಸಿದ್ದು ಕನ್ನಡದ ಸ್ಪೆಲ್ ಚೆಕ್. ಸರಿಯಾಗಿರುವ ಪದದ ಕೆಳಗೂ ಕೆಂಪು ಗೆರೆ! ನಮ್ಮ ಭಾಷೆಯಲ್ಲಿ 'ಮನೆ' ಅಲ್ಲಿಗೇ ನಿಲ್ಲುವುದಿಲ್ಲ. ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರಿಗೂ ಅಂತ ಬೆಳೆಯುತ್ತಲೇ ಹೋಗುತ್ತದೆ. ಇಷ್ಟನ್ನೂ ಯಾವ ಪಟ್ಟಿಯಲ್ಲಿ ತುಂಬಿಸುವುದು? ಪುಟವೆಲ್ಲ ಕೆಂಪಾದರೆ ನಿಜವಾದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕರಡು ತಿದ್ದುವವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಬೇರೆ ಇಲ್ಲ.

ಮಹಡಿ ಮೇಲಿನ ಮನೆಯ ಎಂಜಿನಿಯರ್ ಹುಡುಗಿ ಒಂದು ಸಂಜೆ ಬಂದು ಆ ಪದಪಟ್ಟಿಯನ್ನೇ ತೆರೆದು ತೋರಿಸಿದಳು. "ನೋಡಿ ಆಂಟಿ, ಬರೀ ಟೆಕ್ಸ್ಟ್ ಫೈಲ್. ನೀವೇ ತಿದ್ದಬಹುದು." ಒಂದು ಫೈಲಿನಲ್ಲಿ ಪದಗಳು, ಇನ್ನೊಂದರಲ್ಲಿ ಆ ಪದಗಳಿಗೆ ಪ್ರತ್ಯಯ ಅಂಟಿಸುವ ನಿಯಮಗಳು. ನಾನು ಸೇರಿಸುವ ಪದಗಳಿಗೆ ಇನ್ನೊಂದು ಫೈಲ್ ಬೇರೆಯೇ ಇದೆ. ಅದೂ ಸಾದಾ ಟೆಕ್ಸ್ಟ್.

ಈಗ ಬೆಳಗಿನ ಕಾಫಿ ಆದಮೇಲೆ ಮೊದಲ ಕೆಲಸ ಅದೇ. ಹಿಂದಿನ ದಿನ ಸುಮ್ನೆ ಗೆರೆ ಬಿದ್ದ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿರುತ್ತೇನೆ. ಅನುಮಾನ ಇದ್ದರೆ ನಿಘಂಟು ನೋಡಿ, ಒಂದೊಂದಾಗಿ ಸೇರಿಸುತ್ತೇನೆ. ಚೀಟಿ ಖಾಲಿಯಾದಾಗ ಸಿಗುವ ಸಮಾಧಾನವೇ ಬೇರೆ. ಪ್ರೆಸ್ಸಿನ ಡಿಟಿಪಿ ಹುಡುಗನಿಗೂ ನನ್ನ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆ. ಅವನು ತನ್ನ ಪದಗಳನ್ನು ಸೇರಿಸಿ ವಾಪಸ್ ಕೊಟ್ಟ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನನ್ನ ಫೋನಿನ ಕೀಬೋರ್ಡಿಗೂ ನಾನು ಕಾಸು ಕೊಟ್ಟಿಲ್ಲ. ಆದರೆ ಅದು ಯಾವ ಪಟ್ಟಿ ನೋಡಿ ನನ್ನ ಕನ್ನಡ ತಿದ್ದುತ್ತದೋ, ನನಗೆ ತೋರಿಸುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲೇ ಅಲ್ವಾ? 1985ರಲ್ಲಿ ಶುರುವಾದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಸಂಸ್ಥೆ ಸಾಫ್ಟ್‌ವೇರ್ ಬಳಸುವವರಿಗೆ ನಾಲ್ಕು ಹಕ್ಕು ಇರಬೇಕು ಅನ್ನುತ್ತದೆ: ಯಾವ ಕೆಲಸಕ್ಕಾದರೂ ಬಳಸುವುದು, ಒಳಗೆ ನೋಡಿ ಬದಲಾಯಿಸುವುದು, ಪ್ರತಿ ಹಂಚುವುದು, ಬದಲಾಯಿಸಿದ್ದನ್ನೂ ಹಂಚುವುದು. ಲಿಬ್ರೆಆಫೀಸ್ ಹುಟ್ಟಿದ್ದೇ ಈ ಹಕ್ಕಿನಿಂದ. ಇದಕ್ಕೂ ಮುಂಚೆ ಇದ್ದ ಓಪನ್‌ಆಫೀಸ್ ಎಂಬ ಇಂಥದ್ದೇ ಸಾಫ್ಟ್‌ವೇರ್ 2010ರಲ್ಲಿ ಒರೇಕಲ್ ಕಂಪನಿಯ ಕೈಗೆ ಹೋಯಿತು. ಅದೇ ವರ್ಷ ಅದನ್ನು ಕಟ್ಟುತ್ತಿದ್ದವರಲ್ಲಿ ಅನೇಕರು ಅದರ ಕೋಡ್ ತೆಗೆದುಕೊಂಡು ಬೇರೆಯಾಗಿ ಲಿಬ್ರೆಆಫೀಸ್ ಶುರುಮಾಡಿದರು.

ಹಾಗಂತ ಎಲ್ಲ ಸಲೀಸು ಅನ್ನಲಾರೆ. ಪ್ರತ್ಯಯದ ನಿಯಮ ತಿದ್ದಲು ನನಗೆ ಈಗಲೂ ಮಹಡಿ ಹುಡುಗಿಯೇ ಬೇಕು. ಕೋಡ್ ಬರುವವರಿಗೆ ಸಿಕ್ಕಷ್ಟು ಸ್ವಾತಂತ್ರ್ಯ ನನ್ನಂಥವರಿಗೆ ಸಿಗುತ್ತಿಲ್ಲ, ಇದು ಬೇಸರದ ವಿಷಯ. ಪದಗಳ ಫೈಲನ್ನು ಎಲ್ಲೋ ಫೋಲ್ಡರಿನೊಳಗಿನ ಫೋಲ್ಡರಿನಲ್ಲಿ ಇಟ್ಟಿದ್ದಾರೆ. ಮೆನುವಿನಲ್ಲೇ ಅದಕ್ಕೊಂದು ದಾರಿ ಕೊಡಬಾರದೇ?

ಕನ್ನಡದಲ್ಲಿ ದಿನಾ ಜಾಸ್ತಿ ಬರೆಯುವವರು, ಸ್ವಲ್ಪ ತಾಳ್ಮೆ ಇರುವವರು ಧೈರ್ಯವಾಗಿ ಹಾಕಿಕೊಳ್ಳಿ. ಕಂಪ್ಯೂಟರ್ ಬದಲಾಯಿಸುವ ಮುಂಚೆ ಮಾತ್ರ 'ವರ್ಡ್‌ಬುಕ್' ಫೋಲ್ಡರನ್ನು ಮರೆಯದೆ ಕಾಪಿ ಮಾಡಿಟ್ಟುಕೊಳ್ಳಿ. ನೀವು ಸೇರಿಸಿದ ಪದಗಳೆಲ್ಲ ಅದರಲ್ಲೇ ಇರುತ್ತವೆ.