ಕೊಡಗಿನವರಿಗೆ ಪಿಜಿ: ಕೊಣಾಜೆಯೋ, ಚಿಕ್ಕಅಳುವಾರವೋ, ಮೈಸೂರೋ?

ಕೊಡಗಿನಲ್ಲಿ ಡಿಗ್ರಿ ಮುಗಿಸಿದವರ ಮುಂದೆ ಈಗ ಮುಖ್ಯವಾಗಿ ಮೂರು ದಾರಿ. ಘಟ್ಟ ಇಳಿದರೆ ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆ. ಹುಣಸೂರು ದಾಟಿದರೆ ಮೈಸೂರು. ಮೂರನೆಯದು ಜಿಲ್ಲೆಯೊಳಗೇ, ಚಿಕ್ಕಅಳುವಾರದಲ್ಲಿ ಇರುವ ಕೊಡಗು ವಿಶ್ವವಿದ್ಯಾಲಯ. ನನ್ನ ಮೊದಲ ಪಿಜಿ (ಸ್ನಾತಕೋತ್ತರ ಪದವಿ) ಕೊಣಾಜೆಯಲ್ಲಿ ಆಯಿತು. ಆಮೇಲೆ ಉಪನ್ಯಾಸಕರಾಗಲು ಬರೆಯುವ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಓದಿಕೊಂಡು ಮೈಸೂರಿನಲ್ಲಿದ್ದೆ. ಈಗ ಚಿಕ್ಕಅಳುವಾರದಲ್ಲಿ ಎರಡನೇ ಪಿಜಿ. ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಹೋಲಿಕೆಯಲ್ಲಿ ನಿಮ್ಮ ಊರು ಯಾವುದು ಅನ್ನೋದೇ ಅರ್ಧ ಉತ್ತರ.

ಮೊದಲು ಕೊಣಾಜೆ. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಆಗಿನಿಂದ ಕೊಡಗಿನ ಕಾಲೇಜುಗಳೆಲ್ಲ ಅದರ ಕೆಳಗೇ ಇದ್ದವು. ನಾಲ್ಕು ದಶಕದಲ್ಲಿ ಕಟ್ಟಿಕೊಂಡ ವಿಭಾಗಗಳು, ದೊಡ್ಡ ಗ್ರಂಥಾಲಯ, ಹಾಸ್ಟೆಲ್ಲು, ಪಿಎಚ್‌ಡಿ ಮಾಡುವ ಸೀನಿಯರ್‌ಗಳು, ಎಲ್ಲ ಅಲ್ಲಿದೆ. ಸಂಶೋಧನೆಯ ಆಸೆ ಇರುವವರಿಗೆ ಆ ಗುಡ್ಡದ ಮೇಲಿನ ವಾತಾವರಣ ತುಂಬಾ ಕಲಿಸುತ್ತದೆ. ಪಾಠಕ್ಕಿಂತ ಜಾಸ್ತಿ ನಾನು ಕಲಿತದ್ದು ಸೀನಿಯರ್‌ಗಳ ಜೊತೆ ಚಹಾ ಕುಡಿಯುತ್ತಾ. ಮಡಿಕೇರಿಯ ಚಳಿಗೆ ಹುಟ್ಟಿದ ಮೈಗೆ ಏಪ್ರಿಲ್‌ನ ಸೆಕೆ ಮಾತ್ರ ಒಗ್ಗಲೇ ಇಲ್ಲ. ಕುಚ್ಚಲಕ್ಕಿ ಅನ್ನ ಒಗ್ಗಿತು.

ಕಷ್ಟ ಇರುವುದು ದಾರಿಯಲ್ಲಿ. ಮಡಿಕೇರಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಹತ್ತಿರ ಬೇಕು. ಕೊಣಾಜೆಗೆ ಹೋಗುವವರು ಮೆಲ್ಕಾರಿನಲ್ಲೇ ಇಳಿದು ಮುಡಿಪು ಮೇಲೆ ಹೋದರೆ ಒಂದಷ್ಟು ಸಮಯ ಉಳಿಯುತ್ತದೆ. ಆದರೆ ಮಳೆಗಾಲದಲ್ಲಿ ಸಂಪಾಜೆ ಘಟ್ಟವನ್ನು ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ರಸ್ತೆ ಬಂದ್ ಆದದ್ದು ಕೊಡಗಿನವರು ಯಾರೂ ಮರೆತಿಲ್ಲ. ಅಂದಿನಿಂದ ಮಳೆ ಜೋರಾದರೆ ಮನೆಯಿಂದ ಫೋನು ಬರುತ್ತದೆ, ಈ ವಾರ ಬರಬೇಡ, ಅಲ್ಲೇ ಇರು ಅಂತ. ಜಿಲ್ಲೆಗೆ ರೈಲೂ ಇಲ್ಲ. ಒಂದು ಸಹಿ, ಒಂದು ಸರ್ಟಿಫಿಕೇಟಿನ ಕೆಲಸಕ್ಕೂ ಇಡೀ ದಿನ ಬೇಕಾಗುತ್ತಿತ್ತು. ಹಾಸ್ಟೆಲಿನಲ್ಲಿದ್ದವರಿಗೆ ಇದು ದೊಡ್ಡದಲ್ಲ. ಪೊನ್ನಂಪೇಟೆಯ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳಿಗೆ, ಅವಳ ಜೊತೆ ಬರಬೇಕಾದ ಅಪ್ಪನಿಗೆ ಇದು ಒಂದು ದಿನದ ಕೂಲಿ.

ಕೊಡಗು ವಿಶ್ವವಿದ್ಯಾಲಯ 2023ರಲ್ಲಿ ಶುರುವಾಯಿತು. ಹೆಸರು ಹೊಸದು, ಜಾಗ ಹಳೆಯದು. ಕುಶಾಲನಗರದ ಹತ್ತಿರದ ಚಿಕ್ಕಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ್ದೇ ಪಿಜಿ ಕೇಂದ್ರ ಇತ್ತು, ಜ್ಞಾನ ಕಾವೇರಿ ಅಂತ. ಅದೇ ಈಗ ವಿಶ್ವವಿದ್ಯಾಲಯ. ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿಯಂಥ ಕೋರ್ಸುಗಳು ಹೊಸ ಹೆಸರಿಗಿಂತ ಮೊದಲೇ ಅಲ್ಲಿದ್ದವು. ಕೊಡವ ಭಾಷೆಯ ಎಂ.ಎ. ಕೂಡ ಮಡಿಕೇರಿಯ ಕಾರ್ಯಪ್ಪ ಕಾಲೇಜಿನಲ್ಲಿ ಮಂಗಳೂರಿನ ಕಾಲದಲ್ಲೇ ಬಂದದ್ದು. ಹಾಗಾಗಿ ಹೊಸ ವಿವಿ ಬಂದ ಮೇಲೆ ಓದುವ ವಿಷಯಗಳು ರಾತ್ರೋರಾತ್ರಿ ಬದಲಾಗಲಿಲ್ಲ. ಬದಲಾದದ್ದು ಆಫೀಸು ಇರುವ ಜಾಗ. ಬೆಳಿಗ್ಗೆ ಮನೆಯಲ್ಲಿ ತಿಂಡಿ ತಿಂದು ಹೋಗಿ, ಕೆಲಸ ಮುಗಿಸಿ, ಸಂಜೆ ಮನೆಗೆ ಬರಬಹುದು. ಸುಮ್ನೆ ಹೇಳುವುದಲ್ಲ, ಕೊಣಾಜೆಯ ದಿನಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇಲ್ಲಿ ತರಗತಿ ಚಿಕ್ಕದು. ಮೇಷ್ಟ್ರಿಗೆ ನಿಮ್ಮ ಹೆಸರು, ಊರು, ಮನೆತನ ಎಲ್ಲ ಗೊತ್ತಿರುತ್ತದೆ. ಕೊಡಗಿನಲ್ಲಿ ಇದು ಒಮ್ಮೊಮ್ಮೆ ಜಾಸ್ತಿಯೇ ಆಯಿತು ಅನ್ನಿಸುತ್ತದೆ! ಆದರೆ ಆಯ್ಕೆ ಕಡಿಮೆ. ಪುಸ್ತಕದ ವಿಷಯದಲ್ಲಿ ಕೊಣಾಜೆ, ಮೈಸೂರಿನ ಹತ್ತಿರಕ್ಕೂ ಬರುವುದಿಲ್ಲ. ಪಿಎಚ್‌ಡಿ ಗುರಿ ಇದ್ದರೆ ಕೊಣಾಜೆಯೇ ಸರಿ ಅಂತ ನಾನು ಈಗಲೂ ಹೇಳುತ್ತೇನೆ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ಇದು ಉಳಿಯುತ್ತದಾ? 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದಿತು. ಹಾಸನ, ಮಂಡ್ಯ, ಚಾಮರಾಜನಗರದ ಜೊತೆ ಕೊಡಗೂ ಆ ಪಟ್ಟಿಯಲ್ಲಿತ್ತು. ಜಿಲ್ಲೆಯಲ್ಲಿ ವಿರೋಧವೂ ಎದ್ದಿತು. ಕ್ಯಾಂಟೀನಿನಲ್ಲಿ ನಮಗೆ ವಾರಗಟ್ಟಲೆ ಇದೇ ಮಾತು. ನನ್ನ ಲೆಕ್ಕ ಸರಳ. ಸರ್ಕಾರಿ ವಿವಿಯ ಡಿಗ್ರಿ ಡಿಗ್ರಿಯೇ, ಆ ಭಯಕ್ಕೆ ಅಡ್ಮಿಷನ್ ಬಿಡಬೇಡಿ. ಆದರೆ ಹೊಸ ವಿಭಾಗ ಬರುತ್ತದೆ, ಹೊಸ ಲ್ಯಾಬ್ ಬರುತ್ತದೆ ಅಂತ ಕಾಯುತ್ತಾ ಸೇರಬೇಡಿ. ಇವತ್ತು ಏನಿದೆಯೋ ಅದನ್ನು ನೋಡಿ ಸೇರಿ.

ಮೈಸೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, 1916ರ ವಿಶ್ವವಿದ್ಯಾಲಯಕ್ಕೆ ನನ್ನ ಶಿಫಾರಸು ಯಾಕೆ? ಅದರ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ನೀವು ಕೇಳಿದ ವಿಷಯ ಇರುತ್ತದೆ. ಬೇಜಾರಾದರೆ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಗುಂಪು ಸಿಗುತ್ತದೆ, ನನಗೆ ಅದೇ ದೊಡ್ಡ ಲಾಭವಾಯಿತು. ಖರ್ಚು ಮಾತ್ರ ರೂಮು, ಊಟ ಅಂತ ಏರುತ್ತಲೇ ಹೋಗುತ್ತದೆ.

ಬಸ್ಸಿನ ಖರ್ಚಿನ ಬಗ್ಗೆ ಹುಡುಗಿಯರಿಗೆ ಒಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಮೈಸೂರೂ ಫ್ರೀ, ಮಂಗಳೂರೂ ಫ್ರೀ. ತಮಾಷೆ ಅಂದರೆ ಕೊಡಗಿನೊಳಗೆ ಓಡಾಡಲು ಎಷ್ಟೋ ಕಡೆ ಖಾಸಗಿ ಬಸ್ಸೇ ಗತಿ, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಹತ್ತಿರದ ಯೂನಿವರ್ಸಿಟಿಗೆ ದುಡ್ಡು, ದೂರದ್ದಕ್ಕೆ ಪುಕ್ಕಟೆ!

ಹಾಗಾದರೆ ಯಾರು ಎಲ್ಲಿಗೆ? ಕುಶಾಲನಗರ, ಸೋಮವಾರಪೇಟೆ, ಸುಂಟಿಕೊಪ್ಪ, ಮಡಿಕೇರಿಯವರು ಬೇಕಾದ ಕೋರ್ಸ್ ಇದ್ದರೆ ಕಣ್ಣು ಮುಚ್ಚಿ ಚಿಕ್ಕಅಳುವಾರಕ್ಕೆ ಹೋಗಿ. ಪೆರಾಜೆ, ಸಂಪಾಜೆಯವರ ಕಥೆ ಬೇರೆ. ಅವರು ಕೊಡಗಿನವರೇ, ಆದರೆ ಘಟ್ಟದ ಕೆಳಗಿದ್ದಾರೆ. ಸುಳ್ಯ ಅವರಿಗೆ ಪಕ್ಕದ ಪೇಟೆ. ತಮ್ಮ ಜಿಲ್ಲೆಯ ವಿವಿಗೆ ಬರಲು ಅವರು ಘಟ್ಟ ಹತ್ತಬೇಕು, ಅವರಿಗೆ ಕೊಣಾಜೆಯೇ ಸಲೀಸು. ಕುಟ್ಟ, ಶ್ರೀಮಂಗಲ ಕಡೆಯವರಿಗೆ ಕುಶಾಲನಗರ ಜಿಲ್ಲೆಯ ಇನ್ನೊಂದು ತುದಿ. ದಿನಾ ಹೋಗಿ ಬರುವುದು ಆಗದ ಮಾತು. ಹೇಗೂ ಹಾಸ್ಟೆಲಿನಲ್ಲೇ ಇರಬೇಕು ಅಂದಮೇಲೆ ಅವರು ಮೈಸೂರಿಗೂ ಒಂದು ಅರ್ಜಿ ಹಾಕಿಡುವುದು ಒಳ್ಳೆಯದು.